ಲೆವೆಲ್ ಏರಿದಷ್ಟೂ ನನ್ನ ಪಾತ್ರ ಸೋಲುತ್ತಿದೆ: ಆಬ್ಲಿವಿಯನ್ ಬಲ್ಲವರು ದಯವಿಟ್ಟು ದಾರಿ ತೋರಿಸಿ

ಸಾಧನಕೇರಿ ದಾರಿ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಒಂದು ಪಾತ್ರವನ್ನು ಬೆಳೆಸುತ್ತ ಹೋಗುವ ಕಂಪ್ಯೂಟರ್ ಆಟವಾದ 2006ರ ಮೂಲ ಆಬ್ಲಿವಿಯನ್ ಅನ್ನು ಎರಡು ತಿಂಗಳಿನಿಂದ ಆಡುತ್ತಿದ್ದೇನೆ. ರಾತ್ರಿ ಊಟವಾಗಿ ಮಗಳು ಮಲಗಿದ ಮೇಲೆ ಸಿಗುವ ಒಂದೂವರೆ ಗಂಟೆಯೇ ನನ್ನ ಆಟದ ಸಮಯ. ಹಾಗಾಗಿ ಯಾವ ಮಾರ್ಗದರ್ಶಿಯನ್ನೂ ಓದದೆ, ಮನಸ್ಸಿಗೆ ತೋಚಿದಂತೆ ಊರೂರು ಓಡಾಡುತ್ತ, ಗಿಡಮೂಲಿಕೆ ಕಿತ್ತು ಔಷಧಿ ಅರೆಯುತ್ತ, ಅಂಗಡಿಗಳಲ್ಲಿ ಚೌಕಾಸಿ ಮಾಡುತ್ತ 17ನೆಯ ಲೆವೆಲ್‌ಗೆ ಬಂದಿದ್ದೇನೆ. ಮೊದಲ ದಿನಗಳಲ್ಲಿ ನಾಲ್ಕು ಏಟಿಗೆ ಬೀಳುತ್ತಿದ್ದ ದಾರಿಗಳ್ಳ ಈಗ ಗಾಜಿನ ಕವಚ ತೊಟ್ಟು ನಿಂತಿರುತ್ತಾನೆ. ಇಪ್ಪತ್ತು ಏಟು ಕೊಟ್ಟರೂ ಬೀಳುವುದಿಲ್ಲ, ಅವನ ಐದಾರು ಏಟಿಗೆ ನಾನು ಸಾಯುತ್ತೇನೆ. ಕ್ವಾಚ್ ಊರಿನ ಮುತ್ತಿಗೆಯನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟಿದ್ದೆ, ಈಗ ಅದರ ಬಾಗಿಲನ್ನೇ ದಾಟಲಾಗುತ್ತಿಲ್ಲ.

ನನ್ನ ಏಳು ಮೇಜರ್ ಸ್ಕಿಲ್‌ಗಳು, ಅಂದರೆ ಮುಖ್ಯವೆಂದು ಆರಿಸಿಕೊಂಡ ಕೌಶಲಗಳು, ಇವು: ಅಥ್ಲೆಟಿಕ್ಸ್, ಅಕ್ರೋಬ್ಯಾಟಿಕ್ಸ್, ಲೈಟ್ ಆರ್ಮರ್, ಆಲ್ಕೆಮಿ, ಮರ್ಕಂಟೈಲ್, ಸ್ಪೀಚ್‌ಕ್ರಾಫ್ಟ್ ಮತ್ತು ಬ್ಲೇಡ್. ಎಂಡ್ಯೂರನ್ಸ್ (ತಾಳಿಕೆಯ ಗುಣ) ಮೊದಲಿನಂತೆ 40ರಲ್ಲಿಯೇ ಇದೆ. ಈ ಪಾತ್ರವನ್ನು ಉಳಿಸಿಕೊಳ್ಳುವ ದಾರಿ ಇದೆಯೇ ಎಂಬುದು ನನ್ನ ಮೊದಲ ಪ್ರಶ್ನೆ. ಆಟವನ್ನು ಆಟದಂತೆ ಆಡಿದವನಿಗೆ ಈ ಬಗೆಯ ಶಿಕ್ಷೆ ಕೊಡುವುದು ನ್ಯಾಯವೇ ಎಂಬುದು ಎರಡನೆಯದು, ಮತ್ತು ನಿಜ ಹೇಳಬೇಕೆಂದರೆ ನನ್ನನ್ನು ಹೆಚ್ಚು ಕಾಡುತ್ತಿರುವುದು ಅದೇ.

ಉಣಕಲ್ ದಂಡೆ (ಹುಬ್ಬಳ್ಳಿ)

ಬೇಸರಪಡಬೇಡಿ, ಈ ಆಟವನ್ನು ಮೊದಲ ಸಲ ಆಡಿದವರಲ್ಲಿ ಬಹಳ ಮಂದಿ ಇದೇ ಹಳ್ಳಕ್ಕೆ ಬಿದ್ದಿದ್ದಾರೆ. ಒಳಗೆ ನಡೆಯುವ ಲೆಕ್ಕ ಹೀಗಿದೆ. ಒಟ್ಟು 21 ಸ್ಕಿಲ್‌ಗಳಲ್ಲಿ ನೀವು ಆರಿಸಿಕೊಂಡ ಏಳು ಮೇಜರ್ ಸ್ಕಿಲ್‌ಗಳು ಎಲ್ಲ ಸೇರಿ ಹತ್ತು ಸಲ ಏರಿದರೆ, ಹಾಸಿಗೆಯಲ್ಲಿ ಮಲಗಿ ಎದ್ದಾಗ ನಿಮ್ಮ ಲೆವೆಲ್ ಒಂದು ಏರುತ್ತದೆ. ಆಗ ಸ್ಪೀಡ್, ಎಂಡ್ಯೂರನ್ಸ್‌ನಂಥ ಎಂಟು ಗುಣಗಳಲ್ಲಿ ಮೂರನ್ನು ಹೆಚ್ಚಿಸಿಕೊಳ್ಳಬಹುದು. ಯಾವ ಗುಣ ಎಷ್ಟು ಹೆಚ್ಚುತ್ತದೆ ಎಂಬುದು, ಆ ಲೆವೆಲ್‌ನ ಅವಧಿಯಲ್ಲಿ ಆ ಗುಣಕ್ಕೆ ಸೇರಿದ ಸ್ಕಿಲ್‌ಗಳು ಎಷ್ಟು ಸಲ ಏರಿದವು ಎಂಬುದನ್ನು ಅವಲಂಬಿಸಿದೆ. ಒಂದರಿಂದ ನಾಲ್ಕು ಸಲ ಏರಿದ್ದರೆ 2, ಐದರಿಂದ ಏಳಕ್ಕೆ 3, ಎಂಟು ಅಥವಾ ಒಂಬತ್ತಕ್ಕೆ 4, ಹತ್ತು ಅಥವಾ ಅದಕ್ಕಿಂತ ಹೆಚ್ಚಾದರೆ 5. ಲೆವೆಲ್ ಏರಿದ ಕೂಡಲೇ ಈ ಎಣಿಕೆ ಸೊನ್ನೆಗೆ ಮರಳುತ್ತದೆ.

ನಿಮ್ಮ ಪಾತ್ರ ಓಡಿದೆ, ಜಿಗಿದಿದೆ, ಮಾತಾಡಿದೆ, ಮದ್ದು ಅರೆದಿದೆ. ಅದರಿಂದ ಸ್ಪೀಡ್, ಪರ್ಸನಾಲಿಟಿ, ಇಂಟೆಲಿಜೆನ್ಸ್ ಬೆಳೆದವು, ಲೆವೆಲ್ ಭರಭರನೆ ಏರಿತು. ಶತ್ರುಗಳು ಮಾತ್ರ ನಿಮ್ಮ ಲೆವೆಲ್ ನೋಡಿ ಬಲಿಯುತ್ತಾರೆಯೇ ಹೊರತು ನಿಮ್ಮ ತೋಳಿನ ಬಲವನ್ನು ನೋಡುವುದಿಲ್ಲ.

ಕಿತ್ತೂರು ಗಡಿ

ಒಂದು ತಿದ್ದುಪಡಿ: ಎಂಟನೆಯ ಗುಣವಾದ ಲಕ್‌ಗೆ ಯಾವ ಸ್ಕಿಲ್ಲೂ ಸೇರಿಲ್ಲ, ಆದ್ದರಿಂದ ಅದು ಲೆವೆಲ್‌ಗೆ ಒಂದೇ ಅಂಕ ಏರುತ್ತದೆ.

ಲಕ್ಕುಂಡಿ ಬಾವಿ (ಗದಗ)

ಎಂಡ್ಯೂರನ್ಸ್ 40ರಲ್ಲಿಯೇ ನಿಂತಿದೆ ಎಂದಿರಲ್ಲ, ನಿಜವಾದ ಪೆಟ್ಟು ಬಿದ್ದಿರುವುದು ಅಲ್ಲಿಯೇ. ಈ ಆಟದಲ್ಲಿ ಆರೋಗ್ಯವೆಂದರೆ ಎಂಡ್ಯೂರನ್ಸ್‌ನ ಎರಡರಷ್ಟು, ಅದರ ಮೇಲೆ ಪ್ರತಿ ಲೆವೆಲ್‌ಗೆ ಆ ಹೊತ್ತಿನ ಎಂಡ್ಯೂರನ್ಸ್‌ನ ಹತ್ತನೆಯ ಒಂದು ಭಾಗ. ಹಿಂದಿನ ಲೆವೆಲ್‌ಗಳ ಪಾಲನ್ನು ಆಮೇಲೆ ಯಾರೂ ತುಂಬಿಕೊಡುವುದಿಲ್ಲ. ನಿಮ್ಮ ಲೆಕ್ಕ ಹಾಕಿದರೆ 80ಕ್ಕೆ ಹದಿನಾರು ಸಲ 4 ಸೇರಿ 144 ಆಗುತ್ತದೆ. ಇದೇ 40ರಿಂದ ಶುರುಮಾಡಿ, ಪ್ರತಿ ಲೆವೆಲ್‌ಗೂ ಎಂಡ್ಯೂರನ್ಸ್‌ಗೆ 5 ಸೇರಿಸಿ 100 ಮುಟ್ಟಿಸಿದವನಿಗೆ 17ನೆಯ ಲೆವೆಲ್‌ನಲ್ಲಿ ಸುಮಾರು 320 ಇರುತ್ತದೆ. ಲೆವೆಲ್ ಒಂದೇ, ಎದುರಿಗಿರುವ ಕಳ್ಳನೂ ಒಬ್ಬನೇ, ಆದರೆ ಜೀವ ಎರಡು ಪಟ್ಟಿಗೂ ಹೆಚ್ಚು.

ನಾನು ಕಾಲೇಜಿನ ದಿನಗಳಲ್ಲಿ ಇದಕ್ಕಾಗಿ ಎರಡು ಗೆರೆಯ ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಸ್ಕಿಲ್ ಏರಿದಾಗ ಒಂದು ಗೀಟು ಎಳೆಯುತ್ತಿದ್ದೆ. ಪಾತ್ರ ಬಹಳ ಬಲಶಾಲಿಯಾಯಿತು. ಆದರೆ ಆ ಊರುಗಳ ಹೆಸರು, ಅಲ್ಲಿ ಭೇಟಿಯಾದ ಜನ, ನಡೆದ ಕತೆ ಯಾವುದೂ ನನಗೆ ಇಂದು ನೆನಪಿಲ್ಲ. ಗೀಟುಗಳು ಮಾತ್ರ ನೆನಪಿವೆ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಅದರಲ್ಲಿಯೇ ಇದೆ ಎಂದುಕೊಳ್ಳುತ್ತೇನೆ.

ಗರಡಿ ಮಣ್ಣು (ಹಾವೇರಿ)

ಶತ್ರು ನಮ್ಮೊಂದಿಗೆ ಬೆಳೆಯುವುದನ್ನು ಎಲ್ಲರೂ ಬೈಯುತ್ತಿದ್ದೀರಿ, ನಾನು ಒಪ್ಪುವುದಿಲ್ಲ. ನಮ್ಮ ಕಡೆ ಜಾತ್ರೆಯಲ್ಲಿ ಜಂಗಿ ಕುಸ್ತಿ ಏರ್ಪಡಿಸುವಾಗ ಹಿರಿಯರು ತೂಕ, ವಯಸ್ಸು, ಕಲಿತ ಪಟ್ಟು ಎಲ್ಲವನ್ನೂ ನೋಡಿ ಜೋಡಿ ಕಟ್ಟುತ್ತಾರೆ. ಹತ್ತು ವರ್ಷ ಮಣ್ಣು ತುಳಿದ ಪೈಲ್ವಾನನ ಎದುರು ಹೊಸ ಹುಡುಗನನ್ನು ನಿಲ್ಲಿಸಿದರೆ ನೋಡುವವರಿಗೆ ಏನು ಸಿಕ್ಕೀತು? ಆಟವೂ ಅದನ್ನೇ ಮಾಡುತ್ತಿದೆ. ಬಲ ಬೆಳೆದಂತೆ ಜೋಡಿ ಬೆಳೆಯದಿದ್ದರೆ ಕೊನೆಯ ಮೂವತ್ತು ಗಂಟೆ ಬರೀ ಹುಲ್ಲು ಕೊಯ್ದಂತೆ ಇರುತ್ತದೆ. ಅದಲ್ಲದೆ, ಮಾಡಿದ ಕೆಲಸವೇ ಬೆಳೆಯಬೇಕು ಎಂಬ ತತ್ವ ಸರಿಯಾದುದು. ದಂಡ, ಬೈಠಕ್ ಹೊಡೆಯದೆ ತೊಡೆ ಗಟ್ಟಿಯಾಗುವುದಿಲ್ಲ. ಓಡಿದವನ ಕಾಲು ಬಲಿಯಿತು, ತೋಳು ಬಲಿಯಲಿಲ್ಲ. ಇದರಲ್ಲಿ ಅನ್ಯಾಯ ಎಲ್ಲಿದೆ?

ಚಿಗರಿ ಬಸ್ಸು (ಹುಬ್ಬಳ್ಳಿ)

ಗರಡಿಯವರೇ, ನಿಮ್ಮ ಹೋಲಿಕೆ ಚೆನ್ನಾಗಿದೆ, ಆದರೆ ಅದು ನಿಮ್ಮ ವಾದಕ್ಕೇ ವಿರುದ್ಧವಾಗಿ ನಿಲ್ಲುತ್ತದೆ. ಜೋಡಿ ಕಟ್ಟುವ ಹಿರಿಯರು ತೂಕ ನೋಡುತ್ತಾರೆ ಎಂದು ನೀವೇ ಹೇಳಿದಿರಿ. ಆಬ್ಲಿವಿಯನ್ ತೂಕವನ್ನು ನೋಡುವುದೇ ಇಲ್ಲ. ಔಷಧಿ ಅರೆದು 17ನೆಯ ಲೆವೆಲ್‌ಗೆ ಬಂದವನಿಗೂ ಕತ್ತಿ ಬೀಸಿ 17ಕ್ಕೆ ಬಂದವನಿಗೂ ಒಂದೇ ಜೋಡಿಯನ್ನು ಕಟ್ಟುತ್ತದೆ. ಊರಿನ ಪಂಡಿತರನ್ನು ಅವರ ವಯಸ್ಸು ನೋಡಿ ಅಖಾಡಕ್ಕೆ ಇಳಿಸಿದಂತೆ ಆಯಿತಲ್ಲವೇ?

ಇನ್ನೊಂದು ಮಾತು. ಜೋಡಿ ಇರುವುದು ಅಖಾಡದೊಳಗೆ ಮಾತ್ರ. ಹೊಲದ ಬದುವಿನಲ್ಲಿ ಎದುರಾಗುವ ಕಳ್ಳನಿಗೂ ನನಗೂ ಯಾರು ಜೋಡಿ ಕಟ್ಟಿದರು? 2002ರ ಮಾರೋವಿಂಡ್ ಇದೇ ಸರಣಿಯ ಹಿಂದಿನ ಆಟ. ಅಲ್ಲಿಯೂ ಇದೇ ಹತ್ತರ ಲೆಕ್ಕ, ಗುಣಕ್ಕೆ ಇದೇ ಐದರವರೆಗಿನ ಏರಿಕೆ ಇತ್ತು. ಆದರೂ ಅದು ಇಷ್ಟು ನೋಯಿಸಲಿಲ್ಲ, ಏಕೆಂದರೆ ಲೋಕದ ಬಹುಪಾಲು ತನ್ನ ಪಾಡಿಗೆ ತಾನಿತ್ತು. ಮೊದಲ ದಿನ ಓಡಿಸಿಕೊಂಡು ಬಂದವನನ್ನು ತಿಂಗಳ ಮೇಲೆ ಹೋಗಿ ಸೋಲಿಸಿದಾಗ, ನಾನು ಬೆಳೆದಿದ್ದೇನೆ ಎಂದು ತಿಳಿಯುತ್ತಿತ್ತು. ತಪ್ಪು ಲೆವೆಲ್ ಏರಿಸುವ ಪದ್ಧತಿಯಲ್ಲಿ ಅರ್ಧ ಮಾತ್ರ. ಉಳಿದರ್ಧ ಲೋಕವನ್ನೇ ಆಟಗಾರನ ಲೆವೆಲ್‌ಗೆ ಕಟ್ಟಿಹಾಕಿದುದರಲ್ಲಿದೆ.

ಗರಡಿ ಮಣ್ಣು (ಹಾವೇರಿ)

ಪಂಡಿತರ ಮಾತನ್ನು ಒಪ್ಪಿದೆ. ತೂಕ ನೋಡದ ಜೋಡಿ ಜೋಡಿಯಲ್ಲ. ಆದರೆ ಮಾಡಿ ಕಲಿಯುವ ತತ್ವವನ್ನು ನಾನು ಬಿಟ್ಟುಕೊಡುವುದಿಲ್ಲ.

ಗವಾಯಿ ಓಣಿ (ಗದಗ)

ಆ ತತ್ವವನ್ನು ನಾನೂ ಬಿಡುವವನಲ್ಲ, ಆದರೆ ಅದನ್ನು ಆಟದಲ್ಲಿ ಕೂರಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಹಳೆಯ ಉದಾಹರಣೆ ಇದೆ. 1988ರ ಫೈನಲ್ ಫ್ಯಾಂಟಸಿ 2ರಲ್ಲಿ ಲೆವೆಲ್ ಎಂಬುದೇ ಇರಲಿಲ್ಲ. ಬಳಸಿದ ಆಯುಧ ಬೆಳೆಯುತ್ತಿತ್ತು, ಏಟು ತಿಂದವನ ಜೀವ ಹೆಚ್ಚುತ್ತಿತ್ತು. ಅದರ ಫಲವಾಗಿ ಆಟಗಾರರು ಶತ್ರುವನ್ನು ಬಿಟ್ಟು ತಮ್ಮ ತಂಡದವರನ್ನೇ ಹೊಡೆದು ಜೀವ ಬೆಳೆಸಿಕೊಂಡರು. 2011ರ ಸ್ಕೈರಿಮ್‌ನಲ್ಲಿ ಮೊದಮೊದಲು ಕಬ್ಬಿಣದ ಸಣ್ಣ ಬಾಕುಗಳನ್ನೇ ನೂರಾರು ಮಾಡಿ ಕಮ್ಮಾರಿಕೆಯ ತುದಿ ಮುಟ್ಟಬಹುದಿತ್ತು. ಆಮೇಲೆ ಬಂದ ಪ್ಯಾಚ್‌ನಲ್ಲಿ (ಆಟದ ತಿದ್ದುಪಡಿಯಲ್ಲಿ), ಮಾಡಿದ ವಸ್ತುವಿನ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ನಾನು ಚಿಕ್ಕಂದಿನಲ್ಲಿ ಆರು ವರ್ಷ ಹಿಂದುಸ್ತಾನಿ ಗಾಯನ ಕಲಿತವನು. ಬೆಳಗಿನ ಜಾವ ತಂಬೂರಿಯ ಎದುರು ಕುಳಿತು ಒಂದೇ ಪಲ್ಟಾವನ್ನು (ಸ್ವರಾಭ್ಯಾಸದ ವರಸೆಯನ್ನು) ಹಾಡಿಸುತ್ತಿದ್ದ ನಮ್ಮ ಗುರುಗಳು, ಅದು ಗಂಟಲಿಗೆ ಸಲೀಸಾದ ದಿನವೇ ಅದನ್ನು ನಿಲ್ಲಿಸಿ ಅದಕ್ಕಿಂತ ಬಿಗಿಯಾದುದನ್ನು ಕೊಡುತ್ತಿದ್ದರು. ಸಲೀಸಾದುದನ್ನೇ ಸಾವಿರ ಸಲ ಹಾಡಿದರೆ ದಣಿವಾಗುತ್ತದೆಯೇ ಹೊರತು ವಿದ್ಯೆ ಬೆಳೆಯುವುದಿಲ್ಲ. ಬಳಕೆಯಿಂದ ಬೆಳೆಯುವ ಪದ್ಧತಿಗೆ ಬೇಕಾಗಿರುವುದು ಇಂಥ ಗುರು. ಎಷ್ಟು ಸಲ ಮಾಡಿದೆ ಎಂದು ಎಣಿಸುವ ಬದಲು ಎಷ್ಟು ಕಷ್ಟವಾದುದನ್ನು ಮಾಡಿದೆ ಎಂದು ಕೇಳಿದರೆ ಈ ಪದ್ಧತಿ ಬದುಕುತ್ತದೆ. ಬಾಕುಗಳ ತಿದ್ದುಪಡಿ ಆ ದಿಕ್ಕಿನ ಒಂದು ಹೆಜ್ಜೆ.

ಕೇಶ್ವಾಪುರ ತಿರುವು (ಹುಬ್ಬಳ್ಳಿ)

ಫೈನಲ್ ಫ್ಯಾಂಟಸಿಯ ಮಾತು ಬಂದುದರಿಂದ ಹೇಳುತ್ತೇನೆ: ಅದೇ ಸರಣಿಯ 8ನೆಯ ಆಟದಲ್ಲಿ, ಅಂದರೆ 1999ರಲ್ಲಿಯೇ, ಶತ್ರುಗಳು ನಮ್ಮ ತಂಡದ ಲೆವೆಲ್‌ನ ಸರಾಸರಿಯೊಂದಿಗೆ ಬೆಳೆಯುತ್ತಿದ್ದರು. ಬಲ ಬರುತ್ತಿದ್ದುದು ಹೆಚ್ಚಾಗಿ ಲೆವೆಲ್‌ನಿಂದಲ್ಲ, ಮಂತ್ರಗಳನ್ನು ಗುಣಗಳಿಗೆ ಜೋಡಿಸುವ ಜಂಕ್ಷನ್ ಪದ್ಧತಿಯಿಂದ. ಆದ್ದರಿಂದ ಬಲ್ಲವರು ಶತ್ರುಗಳನ್ನು ಕೊಲ್ಲದೆ ಕಾರ್ಡ್‌ಗಳಾಗಿ ಮಾರ್ಪಡಿಸಿ, ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ಬಾರದಂತೆ ನೋಡಿಕೊಂಡು, ಲೆವೆಲ್ ಏರಿಸದೆಯೇ ಆಟ ಮುಗಿಸುತ್ತಿದ್ದರು. ಲೆವೆಲ್ ಏರುವುದೇ ಶಾಪವಾಗುವ ಆಟ ನಿಮ್ಮದೊಂದೇ ಅಲ್ಲ.

ದುರ್ಗದಬೈಲ್ ಸಂಜೆ (ಹುಬ್ಬಳ್ಳಿ)

ಆಟದ ಕಷ್ಟವನ್ನು ತಗ್ಗಿಸುವ ಡಿಫಿಕಲ್ಟಿ ಸ್ಲೈಡರ್ ಸ್ವಲ್ಪ ಎಡಕ್ಕೆ ಎಳೆಯಿರಿ, ಮುಗಿಯಿತು. ಇದಕ್ಕೆ ಇಷ್ಟು ಚರ್ಚೆ ಬೇಕೇ?

ಸಾಧನಕೇರಿ ದಾರಿ (ಧಾರವಾಡ)

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ, ಬಹಳ ಉಪಕಾರವಾಯಿತು. ದುರ್ಗದಬೈಲಿನವರೇ, ನಿಮ್ಮ ಸಲಹೆ ಕೆಲಸ ಮಾಡುತ್ತದೆ ಎಂಬುದು ಗೊತ್ತು. ಆದರೆ ಹಾಗೆ ಮಾಡಿದರೆ ಆ ಕಳ್ಳನನ್ನು ಸೋಲಿಸಿದ್ದು ನನ್ನ ಪಾತ್ರ ಎಂದು ನನಗೆ ಅನ್ನಿಸುವುದಿಲ್ಲ. ಎರಡು ತಿಂಗಳು ಬೆಳೆಸಿದ ಪಾತ್ರದ ಮೇಲೆ ಒಂದು ಮಮತೆ ಬೆಳೆದಿರುತ್ತದೆ, ಅದು ತನ್ನ ಕಾಲ ಮೇಲೆಯೇ ನಿಲ್ಲಲಿ ಎಂಬ ಆಸೆ ನನ್ನದು.

ತೋಳನಕೆರೆ (ಹುಬ್ಬಳ್ಳಿ)

ಈ ಮಮತೆಯ ಮಾತು ನನ್ನನ್ನು ಇಪ್ಪತ್ತು ವರ್ಷ ಹಿಂದಕ್ಕೆ ಕರೆದೊಯ್ದಿತು. ಪದವಿ ಓದುವಾಗ ಕಾಲೇಜಿನ ಹತ್ತಿರದ ಒಂದು ಸೈಬರ್ ಕೆಫೆಯಲ್ಲಿ, ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ಡಯಾಬ್ಲೊ 2 ಆಡುತ್ತಿದ್ದೆವು. 2000ದಲ್ಲಿ ಬಂದ ಆ ಆಟದಲ್ಲಿ ಪ್ರತಿ ಲೆವೆಲ್‌ಗೆ ಐದು ಗುಣಾಂಕ ಮತ್ತು ಒಂದು ಸ್ಕಿಲ್ ಅಂಕ ಸಿಗುತ್ತವೆ. ಹೊಸ ಸ್ಕಿಲ್‌ಗಳು 1, 6, 12, 18, 24, 30ನೆಯ ಲೆವೆಲ್‌ಗಳಲ್ಲಿ ತೆರೆಯುತ್ತವೆ. ಬಲ್ಲ ಗೆಳೆಯರು ಅಂಕಗಳನ್ನು ಖರ್ಚು ಮಾಡದೆ 24 ಅಥವಾ 30ರವರೆಗೆ ಕೂಡಿಡುತ್ತಿದ್ದರು. ನಾನು ಬಂದ ಅಂಕವನ್ನು ಬಂದ ದಿನವೇ ಹಾಕಿದೆ. ನೈಟ್‌ಮೇರ್ ಎಂಬ ಹೆಚ್ಚು ಕಷ್ಟದ ಹಂತ ತಲುಪುವ ಹೊತ್ತಿಗೆ ನನ್ನ ಪಾತ್ರವಾದ ಸಾರ್ಸರೆಸ್‌ಗೆ (ಮಾಂತ್ರಿಕಳಿಗೆ) ಮೂರು ಬಗೆಯ ಮಂತ್ರಗಳೂ ಅರೆಬರೆಯಾಗಿದ್ದವು, ಒಂದೂ ಪೂರ್ತಿ ಇರಲಿಲ್ಲ. ಹಂಚಿದ ಅಂಕವನ್ನು ಹಿಂದಕ್ಕೆ ಪಡೆಯುವ ದಾರಿ ಆಗ ಇರಲಿಲ್ಲ. ಕೈಖರ್ಚಿನ ದುಡ್ಡಿನಲ್ಲಿ ಬೆಳೆಸಿದ ಪಾತ್ರವನ್ನು ಅಳಿಸಿ ಮೊದಲಿನಿಂದ ಶುರುಮಾಡಿದ ಆ ಸಂಜೆ ನನಗೆ ನಿಜವಾಗಿಯೂ ದುಃಖವಾಗಿತ್ತು.

2010ರಲ್ಲಿ 1.13ನೆಯ ಪ್ಯಾಚ್ ಬಂದು, ಆಟದೊಳಗಿನ ಆಕಾರಾ ಎಂಬವಳ ಬಳಿ ಅಂಕಗಳನ್ನು ಮರುಹಂಚಿಕೆ ಮಾಡಿಸಿಕೊಳ್ಳುವ ಅವಕಾಶ ಸಿಕ್ಕಿತು. ಅಷ್ಟರಲ್ಲಿ ನಾನು ಕೆಲಸಕ್ಕೆ ಸೇರಿದ್ದೆ. ರೆಸ್ಪೆಕ್, ಅಂದರೆ ಇಂಥ ಮರುಹಂಚಿಕೆ, ಇಲ್ಲದ ಆಟ ಆಟಗಾರನ ಸಮಯಕ್ಕೆ ಬೆಲೆ ಕೊಡದ ಆಟ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಾಳಮಡ್ಡಿ ಮೇಜು (ಧಾರವಾಡ)

ತೋಳನಕೆರೆಯವರ ನೋವು ಅರ್ಥವಾಗುತ್ತದೆ, ಆದರೂ ತಕರಾರು ಎತ್ತುತ್ತೇನೆ. ನಾವು ಐದು ಜನ ಪ್ರತಿ ಭಾನುವಾರ ಮೇಜಿನ ಸುತ್ತ ಕುಳಿತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಆರಿಸಿದ್ದನ್ನು ಯಾವಾಗ ಬೇಕಾದರೂ ಬದಲಿಸಬಹುದು ಎಂದಾದರೆ ಆರಿಸುವ ಕ್ಷಣಕ್ಕೆ ತೂಕವೇ ಉಳಿಯುವುದಿಲ್ಲ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ವಿದರ್ಸ್ ಎಂಬವನಿಗೆ ನೂರು ಚಿನ್ನದ ನಾಣ್ಯ ಕೊಟ್ಟರೆ ಇಡೀ ಪಾತ್ರವನ್ನೇ ಹೊಸದಾಗಿ ಕಟ್ಟಿಕೊಡುತ್ತಾನೆ. ನನ್ನ ತಮ್ಮ ಪ್ರತಿ ಕಾಳಗಕ್ಕೂ ಮೊದಲು ಅವನ ಬಳಿ ಹೋಗುತ್ತಿದ್ದ. ಕೊನೆಗೆ ಅವನ ಪಾತ್ರ ಯಾರು ಎಂದು ಕೇಳಿದರೆ ಹೇಳಲು ಅವನಲ್ಲಿ ಏನೂ ಇರಲಿಲ್ಲ. ಮೇಜಿನ ಆಟದ ನನ್ನ ಪಾತ್ರವಾದ ರೇಂಜರ್‌ಗೆ ನಾಲ್ಕನೆಯ ಲೆವೆಲ್‌ನಲ್ಲಿ ನಾನು ಮಾಡಿದ ತಪ್ಪು ಆಯ್ಕೆಯೇ ಅವಳ ಗುರುತಾಗಿ ಉಳಿದಿದೆ.

ತೋಳನಕೆರೆ (ಹುಬ್ಬಳ್ಳಿ)

ಮೇಜಿನ ಆಟದಲ್ಲಿ ಎದುರಿಗೆ ಕತೆ ನಡೆಸುವ ಒಬ್ಬ ಮನುಷ್ಯ ಕುಳಿತಿರುತ್ತಾನೆ. ನಿಮ್ಮ ರೇಂಜರ್ ದುರ್ಬಲಳು ಎಂದು ಕಂಡರೆ ಆತ ಕತೆಯನ್ನು ಸ್ವಲ್ಪ ಬಾಗಿಸುತ್ತಾನೆ. ಕಂಪ್ಯೂಟರ್ ಬಾಗುವುದಿಲ್ಲ. ಬಾಗದ ಕಡೆ ಹಿಂದಿರುಗುವ ದಾರಿಯನ್ನಾದರೂ ಇಡಬೇಕು.

ಮಾಳಮಡ್ಡಿ ಮೇಜು (ಧಾರವಾಡ)

ಇದಕ್ಕೆ ನನ್ನಲ್ಲಿ ತಕ್ಷಣದ ಉತ್ತರವಿಲ್ಲ. ದಾರಿ ಇರಲಿ, ಆದರೆ ಅದಕ್ಕೊಂದು ಬೆಲೆ ಇರಲಿ ಎನ್ನುತ್ತೇನೆ. ಎಲ್ಡನ್ ರಿಂಗ್ ಆಟದಲ್ಲಿ ಅಂಕ ಮರುಹಂಚಿಕೊಳ್ಳಲು ರೆನ್ನಾಲಾ ಎಂಬ ಎದುರಾಳಿಯನ್ನು ಸೋಲಿಸಬೇಕು, ಪ್ರತಿ ಸಲವೂ ಹುಡುಕಿ ತಂದ ಲಾರ್ವಲ್ ಟಿಯರ್ ಎಂಬ ವಸ್ತುವೊಂದನ್ನು ಕೊಡಬೇಕು. ಅಷ್ಟು ಬಿಗಿ ನನಗೆ ಒಪ್ಪಿಗೆ.

ಏಲಕ್ಕಿ ಹಾರ (ಹಾವೇರಿ)

ಅಣ್ಣನವರೇ, ಎಲ್ಲರೂ ರೆಸ್ಪೆಕ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಮೂಲ ತೊಂದರೆ ಲೆಕ್ಕವನ್ನು ಮುಚ್ಚಿಡುವುದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ನಾನು ಪೋಕೆಮಾನ್ ಆಡಿ ಬೆಳೆದವಳು. ಅದರಲ್ಲಿ ಇವಿ ಎಂಬ ಅಂಕಗಳಿವೆ. ಒಂದು ಪೋಕೆಮಾನ್‌ಗೆ ಒಟ್ಟು 510, ಒಂದು ಗುಣಕ್ಕೆ ಹೆಚ್ಚೆಂದರೆ 252. 100ನೆಯ ಲೆವೆಲ್‌ನಲ್ಲಿ ನಾಲ್ಕು ಇವಿಗೆ ಒಂದು ಅಂಕ ಬಲ ಸಿಗುತ್ತದೆ. ಯಾರನ್ನು ಸೋಲಿಸಿದೆ ಎಂಬುದರ ಮೇಲೆ ಯಾವ ಗುಣಕ್ಕೆ ಇವಿ ಎಂಬುದು ನಿರ್ಧಾರವಾಗುತ್ತದೆ. ಈ ಲೆಕ್ಕ ವರ್ಷಗಟ್ಟಲೆ ಪರದೆಯ ಮೇಲೆ ಕಾಣುತ್ತಿರಲಿಲ್ಲ. 2013ರ ಎಕ್ಸ್ ಮತ್ತು ವೈ ಆವೃತ್ತಿಗಳಲ್ಲಿ ಸೂಪರ್ ಟ್ರೈನಿಂಗ್ ಬಂದ ಮೇಲೆ ಚಿತ್ರವಾಗಿ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ನಾನು ಪ್ರೀತಿಯಿಂದ ಬೆಳೆಸಿದ ಪೋಕೆಮಾನ್, ಇದನ್ನು ಬಲ್ಲ ಸೋದರಮಾವನ ಮಗನ ಎದುರು ಯಾಕೆ ಸೋಲುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ.

ಸೋಲಿಗೆ ಕಾರಣ ಗೊತ್ತಿದ್ದರೆ ಮನಸ್ಸು ಅದನ್ನು ಒಪ್ಪುತ್ತದೆ. ಸಾಧನಕೇರಿಯವರಿಗೆ, ಔಷಧಿ ಅರೆದರೂ ಕಳ್ಳರು ಬಲಿಯುತ್ತಾರೆ ಎಂದು ಮೊದಲ ಹಾಸಿಗೆಯ ಬಳಿಯೇ ಆಟ ಒಂದು ಸಾಲು ಹೇಳಿದ್ದರೆ ಅವರು ಇಂದು ಇಲ್ಲಿ ಬರೆಯುತ್ತಿರಲಿಲ್ಲ.

ಲಕ್ಕುಂಡಿ ಬಾವಿ (ಗದಗ)

ತಂಗಿಯ ಮಾತು ನೂರಕ್ಕೆ ನೂರು ಸರಿ. ಎಲ್ಡನ್ ರಿಂಗ್ ಈ ವಿಷಯದಲ್ಲಿ ಅರ್ಧ ದಾರಿ ಬಂದಿದೆ: ಒಂದು ಅಂಕ ಹಾಕಿದರೆ ಎಷ್ಟು ಜೀವ ಹೆಚ್ಚುತ್ತದೆ ಎಂದು ಹಾಕುವ ಮೊದಲೇ ತೋರಿಸುತ್ತದೆ. ಜೀವ ಹೆಚ್ಚಿಸುವ ಗುಣವಾದ ವಿಗರ್ 40ಕ್ಕೆ ಜೀವ 1450, 60ಕ್ಕೆ 1900, 99ಕ್ಕೆ 2100. ಅಂದರೆ 40ರಿಂದ 60ರವರೆಗಿನ ಇಪ್ಪತ್ತು ಅಂಕಕ್ಕೆ 450 ಸಿಕ್ಕರೆ, ಅದರ ಮೇಲಿನ ಮೂವತ್ತೊಂಬತ್ತು ಅಂಕಕ್ಕೆ ಸಿಗುವುದು 200 ಮಾತ್ರ. 60 ದಾಟಿದ ಕೂಡಲೇ ಸಂಖ್ಯೆಯ ಏರಿಕೆ ಕುಗ್ಗುವುದು ಕಣ್ಣಿಗೇ ಕಾಣುವುದರಿಂದ, ಮಾರ್ಗದರ್ಶಿ ಓದದವನೂ ಅಲ್ಲಿ ನಿಲ್ಲುತ್ತಾನೆ. ಲೆಕ್ಕ ಬಿಡಿಸುವ ಸುಖ ಬೇಕಾದವನಿಗೆ ಅದು ಸಿಗುತ್ತದೆ, ಬೇಡವಾದವನು ದಾರಿ ತಪ್ಪುವುದೂ ಇಲ್ಲ.

ಚಿಗರಿ ಬಸ್ಸು (ಹುಬ್ಬಳ್ಳಿ)

ಎಕ್ಸ್‌ಪಿ ಎಲ್ಲಿಂದ ಬರುತ್ತದೆ ಎಂಬುದನ್ನೂ ಮರೆಯಬಾರದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ, ಹೊತ್ತು ತಂದ ನಿಧಿಗೂ ಎಕ್ಸ್‌ಪಿ ಸಿಗುತ್ತಿತ್ತು. ಆದ್ದರಿಂದ ರಾಕ್ಷಸನನ್ನು ಕೆಣಕದೆ ಉಪಾಯದಿಂದ ನಿಧಿ ತರುವುದೇ ಜಾಣತನವಾಗಿತ್ತು. 2004ರ ವ್ಯಾಂಪೈರ್ ಬ್ಲಡ್‌ಲೈನ್ಸ್‌ನಲ್ಲಿ ಕೊಂದದ್ದಕ್ಕೆ ಎಕ್ಸ್‌ಪಿ ಇಲ್ಲ, ಕ್ವೆಸ್ಟ್ ಮುಗಿಸಿದ್ದಕ್ಕೆ ಇದೆ. ಮಾತಿನಿಂದ ಗೆದ್ದವನೂ ಕತ್ತಿಯಿಂದ ಗೆದ್ದವನೂ ಅಲ್ಲಿ ಸಮಾನರು. ಔಷಧಿ ಅರೆಯುವ, ಚೌಕಾಸಿ ಮಾಡುವ ಪಾತ್ರವನ್ನು ಪ್ರೀತಿಸುವ ಸಾಧನಕೇರಿಯವರಂಥವರಿಗೆ ಹೊಂದುವುದು ಇಂಥ ಪದ್ಧತಿ.

ಉಣಕಲ್ ದಂಡೆ (ಹುಬ್ಬಳ್ಳಿ)

ಚರ್ಚೆ ಚೆನ್ನಾಗಿದೆ, ಆದರೆ ಅವರ ಮೊದಲ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಪಾತ್ರವನ್ನು ಖಂಡಿತ ಉಳಿಸಿಕೊಳ್ಳಬಹುದು. ಮೊದಲನೆಯದಾಗಿ, ಸದ್ಯಕ್ಕೆ ಹಾಸಿಗೆಯ ಹತ್ತಿರ ಹೋಗಬೇಡಿ. ಮಲಗದಿದ್ದರೆ ಲೆವೆಲ್ ಏರುವುದಿಲ್ಲ. ಊರಿಂದ ಊರಿಗೆ ಕುದುರೆಯ ಮೇಲೆ ಹೋಗಿ, ಆಗ ಅಥ್ಲೆಟಿಕ್ಸ್ ಏರುವುದಿಲ್ಲ. ಆರ್ಮರರ್, ಬ್ಲಾಕ್, ಹೆವಿ ಆರ್ಮರ್ ಈ ಮೂರೂ ಎಂಡ್ಯೂರನ್ಸ್‌ಗೆ ಸೇರಿದ ಸ್ಕಿಲ್‌ಗಳು, ನೀವು ಆರಿಸಿಕೊಳ್ಳದ ಕಾರಣ ನಿಮಗೆ ಮೈನರ್ ಆಗಿವೆ. ಮೈನರ್ ಸ್ಕಿಲ್ ಏರಿದರೆ ಲೆವೆಲ್‌ನತ್ತ ತಳ್ಳುವುದಿಲ್ಲ, ಆದರೆ ಗುಣದ ಎಣಿಕೆಗೆ ಸೇರುತ್ತದೆ. ನಿಮ್ಮ ಆಯ್ಕೆಯಲ್ಲಿ ಅಡಗಿರುವ ಭಾಗ್ಯ ಇದೇ.

ಸುತ್ತಿಗೆಗಳನ್ನು ಕೊಂಡು ಸಿಕ್ಕ ಕವಚಗಳನ್ನೆಲ್ಲ ನೀವೇ ದುರಸ್ತಿ ಮಾಡಿ. ದಂಡೆಯಲ್ಲಿ ಸಿಗುವ ಏಡಿಯ ಎದುರು ಗುರಾಣಿ ಹಿಡಿದು ನಿಲ್ಲಿ, ಬ್ಲಾಕ್ ಏರುತ್ತದೆ. ಒಂದು ಲೆವೆಲ್‌ಗೆ ಐದು ಸಲ ತರಬೇತುದಾರರಿಗೆ ದುಡ್ಡು ಕೊಟ್ಟು ಕಲಿಯಬಹುದು. ಮೂರೂ ಸೇರಿ ಹತ್ತು ಸಲ ಏರಿದ ಮೇಲೆ, ಮೇಜರ್ ಸ್ಕಿಲ್‌ಗಳ ಹತ್ತು ಪೂರೈಸಿ ಮಲಗಿ. ಆಗ ಎಂಡ್ಯೂರನ್ಸ್‌ಗೆ 5 ಸಿಗುತ್ತದೆ. ನೋಟ್‌ಬುಕ್ ಬೇಡ, ಈ ಒಂದು ಗುಣವನ್ನು ಮಾತ್ರ ಲಕ್ಷ್ಯದಲ್ಲಿಟ್ಟುಕೊಳ್ಳಿ.

ಕೊನೆಯ ಮಾತು: ಇಷ್ಟು ದಿನ ಅರೆದ ಆಲ್ಕೆಮಿ ವ್ಯರ್ಥವಾಗಿಲ್ಲ. ನಿಮ್ಮಷ್ಟು ಆಲ್ಕೆಮಿ ಇರುವವರು ಮಾಡಿದ ವಿಷವನ್ನು ಕತ್ತಿಗೆ ಸವರಿದರೆ ಗಾಜಿನ ಕವಚ ಅದನ್ನು ತಡೆಯುವುದಿಲ್ಲ.

ಕಿತ್ತೂರು ಗಡಿ

2025ರ ಏಪ್ರಿಲ್‌ನಲ್ಲಿ ಬಂದ ಆಬ್ಲಿವಿಯನ್‌ನ ಮರುರೂಪದಲ್ಲಿ ಈ ಎಣಿಕೆಯನ್ನೇ ತೆಗೆದಿದ್ದಾರೆ. ಪ್ರತಿ ಲೆವೆಲ್‌ಗೆ 12 ಅಂಕ ಕೊಡುತ್ತಾರೆ, ಮೂರು ಗುಣಗಳಿಗೆ ಹಂಚಿಕೊಳ್ಳಬಹುದು, ಮೈನರ್ ಸ್ಕಿಲ್‌ಗಳೂ ಲೆವೆಲ್‌ಗೆ ಸೇರುತ್ತವೆ. ಶತ್ರುಗಳು ಜೊತೆಗೆ ಬೆಳೆಯುವುದು ಮಾತ್ರ ಅಲ್ಲಿಯೂ ಉಳಿದಿದೆ.

ಸಾಧನಕೇರಿ ದಾರಿ (ಧಾರವಾಡ)

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮರುರೂಪ ಓಡುವಷ್ಟು ಬಲ ನನ್ನ ಕಂಪ್ಯೂಟರ್‌ಗೆ ಇಲ್ಲ, ಆದ್ದರಿಂದ ಹಳೆಯದರಲ್ಲಿಯೇ ಉಣಕಲ್‌ನವರು ಹೇಳಿದಂತೆ ನಡೆದೆ. ಎರಡು ಲೆವೆಲ್ ಏರಿದ್ದೇನೆ. ಎಂಡ್ಯೂರನ್ಸ್ 50 ಆಗಿದೆ, ಆರೋಗ್ಯ 170 ದಾಟಿದೆ. ನಿನ್ನೆ ರಾತ್ರಿ ಗಾಜಿನ ಕವಚದ ಒಬ್ಬ ದಾರಿಗಳ್ಳನನ್ನು ಎರಡು ಬಗೆಯ ವಿಷ ಸವರಿದ ಕತ್ತಿಯಿಂದ ಬೀಳಿಸಿದೆ. ಕೈ ನಡುಗುತ್ತಿತ್ತು. ಗುರಾಣಿ ಹಿಡಿಯುವ ಅಭ್ಯಾಸವಾದ ಮೇಲೆ ಕಾಳಗವೇ ಬೇರೆಯಾಗಿ ಕಾಣುತ್ತಿದೆ. ಕ್ವಾಚ್‌ಗೆ ಇನ್ನೂ ಹೋಗಿಲ್ಲ.

ಉಣಕಲ್ ದಂಡೆ (ಹುಬ್ಬಳ್ಳಿ)

ಬಹಳ ಸಂತೋಷ. ಕ್ವಾಚ್‌ಗೆ ಹೊರಡುವ ಮೊದಲು ವಿಷದ ಸೀಸೆಗಳನ್ನು ಮೂವತ್ತಕ್ಕೆ ಕಡಿಮೆಯಿಲ್ಲದಂತೆ ಇಟ್ಟುಕೊಳ್ಳಿ, ಮತ್ತು ದ್ವಾರದ ಹೊರಗೆ ಬೇರೆ ಸೇವ್ ಫೈಲ್ ಒಂದನ್ನು ಮಾಡಿಕೊಳ್ಳಿ.